ಮಾತು ಬಿಟ್ಟ ಡ್ರೈವರ್

ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಒಮ್ಮೆ ಪೊಲೀಸರು ಒಬ್ಬ ಭಾರತೀಯ ಡ್ರೈವರನ್ನು ತಂದು ಸೇರಿಸಿದರು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಂಪೆನಿ ಬಸ್ಸನ್ನು ಹಿಂದೆ ತೆಗೆಯುವಾಗ ಅವನ ರೂಮಿನವನೇ ಚಕ್ರದಡಿ ಸಿಕ್ಕಿ ಸತ್ತಿದ್ದ. ಅಂದಿನಿಂದ ಇವನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಮಾತು ನಿಜವಾಗಿ ನಿಂತಿದೆಯೋ, ಜೈಲು ತಪ್ಪಿಸಿಕೊಳ್ಳುವ ನಾಟಕವೋ ಎಂದು ಕೋರ್ಟಿಗೆ ತಿಳಿಯಬೇಕಿತ್ತು. ಅವನಿಗೆ ಊಟ ಮಾಡಿಸುವವಳು ನಾನಾದ್ದರಿಂದ, ಡಾಕ್ಟರ ಜೊತೆ ನನ್ನನ್ನೂ ಸಾಕ್ಷಿಗೆ ಕರೆದಿದ್ದರು.

ನನಗೋ ಮೂಗಿನ ತುದಿಯಲ್ಲೇ ಕೋಪ. ವಿಚಾರಣೆಯ ಹಿಂದಿನ ದಿನ ಅವನು ತಟ್ಟೆ ಮುಟ್ಟದೆ ಕೂತಾಗ, ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ನಮ್ಮೂರಿನ ತುಳುವಿನಲ್ಲಿ ಬೈದೆ. ನೀನು ಉಪವಾಸ ಬಿದ್ದು ಸತ್ತರೆ ನನ್ನ ತಲೆಗೆ ಬರುತ್ತದೆ ಪುಣ್ಯಾತ್ಮಾ ಎಂದೆ. ಅವನು ತಲೆ ಎತ್ತಿದ.

"ಅಕ್ಕಾ, ಉಪ್ಪು ಇಜ್ಜಿ."

ಉಪ್ಪಿಲ್ಲವಂತೆ! ತಾನಾಡಿದ ಮಾತಿಗೆ ಅವನೇ ಬೆಚ್ಚಿಬಿದ್ದು ಗೋಡೆಯ ಕಡೆ ತಿರುಗಿಕೊಂಡ.

ಅಲ್ ಮನ್ಸೂರಾದ ನಮ್ಮ ಮನೆಗೆ ಬಂದು ಗಂಡನಿಗೆ ಹೇಳಿದೆ. ಯಾರಿಗೂ ಹೇಳದೆ ಸುಮ್ಮನಿದ್ದುಬಿಡಲೇ ಎಂದು ಕೇಳಿದೆ.

"ನಿಂಗೆ ಮಂಡೆ ಸಮ ಉಂಟಾ? ಕೋರ್ಟಲ್ಲಿ ಸುಳ್ಳು ಹೇಳಿದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ. ಮಗುವನ್ನು ಯಾರು ನೋಡುದು?"

"ಹೇಳಿದ್ರೆ ಅವ ನಾಟಕ ಮಾಡಿದ್ದು ಅಂತಾರಲ್ಲ ಮಾರಾಯ್ರೆ! ಆ ಮುಖ ನೀವು ನೋಡ್ಬೇಕಿತ್ತು."

"ಅದು ಡಾಕ್ಟ್ರ ಕೆಲಸ. ನೀನು ಕೇಳಿದ್ದು ಹೇಳು, ಖಲಾಸ್."

ಖಲಾಸ್ ಅನ್ನುವುದು ಸುಲಭ. ಮಗಳನ್ನು ಅಪ್ಪಿಕೊಂಡು ಮಲಗಿದರೂ ನಿದ್ದೆ ಹತ್ತಲಿಲ್ಲ.

ಕೋರ್ಟಿನಲ್ಲಿ ದೇವರ ಮೇಲೆ ಆಣೆ ಮಾಡಿಸಿದರು. ನ್ಯಾಯಾಧೀಶರು ಅರಬಿಯಲ್ಲಿ ಕೇಳಿದ್ದನ್ನು ದುಭಾಷಿ ಹಿಂದಿಯಲ್ಲಿ ಹೇಳಿದ: ಈ ಮನುಷ್ಯ ನಿಮ್ಮೆದುರು ಯಾವಾಗಲಾದರೂ ಮಾತಾಡಿದ್ದಾನೆಯೇ?

ಹೌದೆಂದರೆ ಅವನು ಹೋದ, ಇಲ್ಲವೆಂದರೆ ನಾನು. ಪೊಲೀಸರ ನಡುವೆ ಕೂತಿದ್ದ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಉತ್ತರಿಸುವ ಮೊದಲೇ ಎದ್ದು ನಿಂತು, ತುಳುವಿನಲ್ಲಿ ಗಟ್ಟಿಯಾಗಿ ನಾಲ್ಕು ಮಾತು ಹೇಳಿ ಕುಸಿದು ಕೂತ.

ದುಭಾಷಿಗೆ ತುಳು ಬಾರದು. ಏನಂದ ಎಂದು ನನ್ನನ್ನೇ ಕೇಳಿದರು. ಅವನು ಹೇಳಿದ ಹಾಗೆಯೇ ಹೇಳಬೇಕು, ಏನನ್ನೂ ಬಿಡಬಾರದು ಎಂದರು.

ಎಲ್ಲರೆದುರು ನಿಂತು ಹೇಳಿದೆ.

"ಅಕ್ಕನನ್ನು ಮನೆಗೆ ಕಳಿಸಿ. ಬಸ್ಸು ಹಿಂದೆ ತೆಗೆದವನು ನಾನು. ಅವನು ಕೂಗಿದ್ದು ಕೇಳಿಸಿತ್ತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ."