ತಗ್ಗದ ರೆಪ್ಪೆ

ಮದರಾಸಿನ ತಿರುವಲ್ಲಿಕ್ಕೇಣಿಯ ಒಂದು ಬೀದಿಯಲ್ಲಿ ಜಯಲಕ್ಷ್ಮೀಗೆ ಜಂಬದವಳು ಎಂಬ ಹೆಸರು ಬಿದ್ದಿತ್ತು. ಪಾಪ, ಜಂಬ ಪಡಲು ಅವಳ ಹತ್ತಿರ ಏನಿತ್ತು? ಹುಟ್ಟಿದಾಗಿನಿಂದ ಅವಳ ಎರಡೂ ಮೇಲ್ರೆಪ್ಪೆಗಳು ಅರ್ಧ ಕಣ್ಣಿನವರೆಗೆ ಜೋತುಬಿದ್ದಿದ್ದವು. ಎದುರಿಗಿದ್ದವರ ಮುಖ ಕಾಣಬೇಕಾದರೆ ಹುಬ್ಬು ಹಣೆಗೇರಿಸಿ, ಗದ್ದ ಮೇಲೆತ್ತಬೇಕು. ಹಾಗೆ ಗದ್ದ ಎತ್ತಿಕೊಂಡು ಓಡಾಡುವ ಹುಡುಗಿಯನ್ನು ಜನ ಇನ್ನೇನು ಅಂದಾರು? ಹೆಣ್ಣು ನೋಡಲು ಬಂದವರೂ ಅದನ್ನೇ ಅಂದುಕೊಂಡರು. ಸೊಜ್ಜಿ ಬಜ್ಜಿ ತಿಂದು, ಮನೆಗೆ ಹೋಗಿ ತಿಳಿಸುತ್ತೇವೆ ಎಂದವರು ತಿಳಿಸಲೇ ಇಲ್ಲ.

1959ರಲ್ಲಿ ಪುರಸೈವಾಕ್ಕಂನಿಂದ ಸುಗುಣಾಬಾಯಿ ಎಂಬಾಕೆ ಮಗ ಹರಿದಾಸನನ್ನು ಕರೆದುಕೊಂಡು ಬಂದ ದಿನ, ತಾಯಿ ರಮಾಬಾಯಿ ಮಗಳ ಗದ್ದ ಹಿಡಿದು ಕೆಳಗೆ ಒತ್ತಿದರು.

"ಇವತ್ತು ಒಂದು ದಿವಸ ತಲೆ ಎತ್ತಬೇಡ ಕಣೇ. ಅವರು ಏನು ಕೇಳಿದ್ರೂ ನೆಲ ನೋಡ್ಕೊಂಡೇ ಬದಿಲ್ ಹೇಳು."

ಜಯಲಕ್ಷ್ಮೀ ಹಾಗೇ ಕೂತಳು. ಗದ್ದ ಇಳಿಸಿದರೆ ಅವಳಿಗೆ ಕಾಣುತ್ತಿದ್ದದ್ದು ತನ್ನ ಮಡಿಲು, ಒಂದು ಗೇಣು ಚಾಪೆ, ಅಷ್ಟೇ. ಗಂಡು ಕಪ್ಪೋ ಕೆಂಪೋ ಗೊತ್ತಾಗಲಿಲ್ಲ. ಸುಗುಣಾಬಾಯಿ ಮಾತ್ರ ಕರಗಿ ನೀರಾದರು. ಹುಡುಗಿಯರೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಈ ಮದರಾಸಿನಲ್ಲಿ ಇಂಥ ನಾಚಿಕೆಯ ಹೆಣ್ಣು ಉಳಿದಿದೆಯೇ ಎಂದು ಅಲ್ಲೇ ಒಪ್ಪಿಗೆ ಕೊಟ್ಟರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇಲ್ಲಿ ಒಂದು ಸುಳ್ಳಿಗೂ ಯಾರೂ ಬಾಯಿ ತೆರೆಯಬೇಕಾಗಲಿಲ್ಲ.

ಸಂತೋಷ ಸಂಜೆಯವರೆಗೂ ಬಾಳಲಿಲ್ಲ. ಮದುವೆಯಲ್ಲಿ ಅಂತರಪಟ ಸರಿದಾಗ ಹುಡುಗಿ ತಲೆ ಎತ್ತಲೇಬೇಕಲ್ಲ, ಆಗೇನು ಗತಿ? ಮಗಳು ತವರಿಗೆ ವಾಪಸ್ಸು ಬಂದಂತೆಯೇ ಎಂದು ರಮಾಬಾಯಿ ಗೋಳಾಡಿದರು. ಪಕ್ಕದ ಮನೆಯ ಕಂಪೌಂಡರ್ ಸದಾನಂದ, ರೆಪ್ಪೆ ಎತ್ತಿ ಹೊಲಿಯುವ ಡಾಕ್ಟರೊಬ್ಬರಿದ್ದಾರೆ ಎಂದ. ಷಿಪ್ಪಿಂಗ್ ಕಂಪನಿಯಲ್ಲಿ ಗುಮಾಸ್ತರಾಗಿದ್ದ ತಂದೆ ಪಂಢರಿನಾಥರು ರಜ ಹಾಕಿ ಮಗಳನ್ನು ಕರೆದುಕೊಂಡು ಹೋದರು.

ಡಾಕ್ಟರು ಮೊದಲು ಕೇಳಿದ್ದು, ಇದು ಅಂದಕ್ಕೋ ನೋಟಕ್ಕೋ ಎಂದು. ಮದುವೆಗೆ ಸಾರ್, ಎಂದರು ತಂದೆ. ಜಯಲಕ್ಷ್ಮೀಗೆ ರೇಗಿತು. "ನನಗೆ ಬಸ್ಸಿನ ನಂಬರು ಕಾಣಿಸಬೇಕು ಡಾಕ್ಟರ್," ಎಂದಳು.

ಡಾಕ್ಟರು ನಕ್ಕು, ತಮಿಳಿನಲ್ಲಿ ನಿಧಾನವಾಗಿ ಎಲ್ಲ ಬಿಡಿಸಿ ಹೇಳಿದರು. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ರೆಪ್ಪೆ ಮರಗಟ್ಟಲು ಇಂಜೆಕ್ಷನ್ ಮಾತ್ರ. ತೆರೆ ಅಂದಾಗ ತೆರೆಯಬೇಕು, ಮುಚ್ಚು ಅಂದಾಗ ಮುಚ್ಚಬೇಕು, ಆಗಲೇ ಎಷ್ಟು ಎತ್ತಬೇಕೆಂಬ ಅಂದಾಜು ಸಿಗುವುದು. ಆಮೇಲೆ ಊದಿಕೊಳ್ಳುತ್ತದೆ, ನೀಲಿಗಟ್ಟುತ್ತದೆ. ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಮಲಗುವ ಮುಂಚೆ ಮುಲಾಮು ಹಾಕದಿದ್ದರೆ ಒಣಗಿ ಹುಣ್ಣಾದೀತು. ಎರಡೂ ಕಣ್ಣು ಅಚ್ಚು ಹೊಯ್ದ ಹಾಗೆ ಒಂದೇ ಸಮ ಬರುತ್ತವೆಂದು ಮಾತು ಕೊಡಲಾಗುವುದಿಲ್ಲ. ಮತ್ತೊಂದು, ಕೆಳಗೆ ನೋಡಿದಾಗ ರೆಪ್ಪೆ ಕಣ್ಣಿನ ಜತೆ ಇಳಿಯುವುದಿಲ್ಲ, ಮೇಲೇ ನಿಂತುಬಿಡುತ್ತದೆ.

"ಅದು ಪರವಾಗಿಲ್ಲ ಸಾರ್," ಎಂದುಬಿಟ್ಟರು ಪಂಢರಿನಾಥರು. ಊತದ ಬಗ್ಗೆ ಎರಡೆರಡು ಸಲ ಕೇಳಿದ ಮಹಾನುಭಾವರು ಇದೊಂದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೇಜಿನ ಮೇಲೆ ಮಲಗಿದವಳಿಗೆ ನೋವಾಗಲಿಲ್ಲ. ಆದರೆ ತನ್ನ ಚರ್ಮ ಕತ್ತರಿಸುವ ಕತ್ತರಿಯ ಸದ್ದು ತನಗೇ ಕೇಳಿಸಿದಾಗ ಎದೆ ಧಸಕ್ಕೆಂದಿತು. ಪಟ್ಟಿ ಬಿಚ್ಚಿದ ಮೇಲೆ ಕನ್ನಡಿಯಲ್ಲಿ ಕಂಡದ್ದು ಬದನೆಕಾಯಿ ಬಣ್ಣದ ಎರಡು ಉಬ್ಬುಗಳು. ಇನ್ನು ನನ್ನ ಕಥೆ ಮುಗಿಯಿತು ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ಮಲಗಿದ್ದ ಮಗಳ ಅರೆತೆರೆದ ಕಣ್ಣಿನ ಬಿಳಿಗುಡ್ಡೆ ನೋಡಿ ರಮಾಬಾಯಿ ಹೌಹಾರಿದರು. ಜೀವ ಹೋಗಿದೆ ಎಂದೇ ತಿಳಿದು ಅವರು ಹಾಕಿದ ಕೂಗಿಗೆ ಬೀದಿಯೇ ಬಾಗಿಲಿಗೆ ಬಂದು ನಿಂತಿತು. ಮುಲಾಮು ಹಾಕುವುದನ್ನು ಮಾತ್ರ ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಊತ ಇಳಿದ ಮೇಲೆ ಲೋಕವೇ ಬೇರೆಯಾಯಿತು. ಗದ್ದ ಎತ್ತದೆಯೇ ಅಂಗಡಿ ಬೋರ್ಡು ಕಂಡಿತು, ಮಾಳಿಗೆ ಮೇಲೆ ಒಣಗುವ ಸೀರೆ ಕಂಡಿತು, ಎದುರು ಬರುವವರು ನಕ್ಕದ್ದು ಕಂಡಿತು. ಇಷ್ಟು ವರ್ಷ ಜನ ತನ್ನನ್ನು ನೋಡಿ ನಗುತ್ತಿದ್ದರೋ ಏನೋ, ತಾನು ತಿರುಗಿ ನಗಲೇ ಇಲ್ಲವಲ್ಲ ಎಂದು ಅವಳಿಗೆ ಪಿಚ್ಚೆನಿಸಿತು.

ಹೂ ಮುಡಿಸುವ ಶಾಸ್ತ್ರಕ್ಕೆ ಸುಗುಣಾಬಾಯಿ ಬಂದರು. ಮಣೆಯ ಮೇಲೆ ಕೂತ ಹುಡುಗಿ ನೆಟ್ಟಗೆ ಅವರ ಮುಖ ನೋಡಿದಳು. ಹೂವಿನ ದಂಡೆ ಹಿಡಿದ ಅವರ ಕೈ ಅರ್ಧಕ್ಕೇ ನಿಂತಿತು.

"ಇವಳು ಯಾರು? ನಾವು ನೋಡಿದ ಪೆಣ್ಣು ಎಲ್ಲಿ?"

"ಇವಳೇ ನಮ್ಮ ಜಯಲಕ್ಷ್ಮೀ," ಎಂದರು ರಮಾಬಾಯಿ.

"ಸುಮ್ಮನಿರಿ. ಚಿಕ್ಕವಳನ್ನ ತೋರಿಸಿ ದೊಡ್ಡವಳನ್ನ ಕಟ್ಟೋ ಕಥೆ ನಾನು ಕೇಳದ್ದಾ?"

ಮನೆಯಲ್ಲಿ ಇದ್ದದ್ದೇ ಒಬ್ಬಳು. "ತಲೆ ಬಗ್ಗಿಸೇ, ಆವತ್ತಿನ ಹಾಗೆ ಕೂತ್ಕೋ," ಎಂದು ತಾಯಿ ಗೊಗರೆದರು. ಜಯಲಕ್ಷ್ಮೀ ತಲೆ ಬಗ್ಗಿಸಿದಳು, ಕಣ್ಣನ್ನೂ ಇಳಿಸಿದಳು. ರೆಪ್ಪೆಗಳು ಇಳಿಯಲಿಲ್ಲ. ಕರಿಗುಡ್ಡೆಯ ಮೇಲ್ಗಡೆಯೂ ಬಿಳಿ ಕಂಡು ಸುಗುಣಾಬಾಯಿ ಬೆಚ್ಚಿ ಹಿಂದೆ ಸರಿದರು. ಬೇರೆ ದಾರಿ ಕಾಣದೆ ಪಂಢರಿನಾಥರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಸುಗುಣಾಬಾಯಿ ಹೂವಿನ ದಂಡೆಯನ್ನು ತಟ್ಟೆಗೆ ಇಳಿಸಿದರು. ಕೆಟ್ಟ ಹೆಂಗಸಲ್ಲ ಆಕೆ. ಆಮೇಲೆ ಮೆಲ್ಲಗೆ ಕೇಳಿದರು.

"ಹಾಗಾದ್ರೆ ಅದೇ ಡಾಕ್ಟರ ಹತ್ತಿರ ಹೇಳಿ, ಮೊದಲು ಇದ್ದ ಹಾಗೇ ಮಾಡಿಸೋಕ್ಕೆ ಆಗತ್ತಾ?"

ಜಯಲಕ್ಷ್ಮೀಗೆ ಗರ ಬಡಿದಂತಾಯಿತು. ಯಾವುದಕ್ಕೆ ಚಿಕ್ಕಂದಿನಿಂದ ನಾಚಿಕೊಂಡಿದ್ದಳೋ ಇವರಿಗೆ ಬೇಕಾದದ್ದು ಅದೇ. ಇಂಥ ಮಾತಿಗೆ ಅಮ್ಮ ಈಗ ಸಿಡಿದೇಳುತ್ತಾಳೆ ಎಂದು ಅವಳು ಆ ಕಡೆ ತಿರುಗಿದಳು.

"ಕೇಳಿ ನೋಡ್ತೀವಿ," ಎಂದರು ರಮಾಬಾಯಿ. "ಈಗ ಹೂ ಮುಡಿಸಿಬಿಡಿ."

ಕತ್ತರಿಯ ಸದ್ದಿಗೆ ಬಡಿದುಕೊಂಡ ಎದೆ ಸ್ವಲ್ಪ ಹೊತ್ತಿಗೆ ತಣ್ಣಗಾಗಿತ್ತು. ಇದು ತಣ್ಣಗಾಗುವಂಥದ್ದಲ್ಲ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಹೆತ್ತ ತಾಯಿ ಆ ಮಾತನ್ನು, ಸಾರಿಗೆ ಉಪ್ಪು ಸಾಲದು ಅನ್ನುವಷ್ಟು ಸಲೀಸಾಗಿ ಆಡಿದ್ದರು. ಜಯಲಕ್ಷ್ಮೀ ಮಣೆಯಿಂದ ಎದ್ದಳು.

"ಮಾಮಿ, ನೀವು ಮೆಚ್ಚಿಕೊಂಡಿದ್ದು ನನ್ನ ಕಾಯಿಲೆಯನ್ನ. ಅದು ಆಸ್ಪತ್ರೆಯಲ್ಲೇ ಉಳಿದುಹೋಯ್ತು. ಹೂ ತಗೊಂಡು ಹೋಗಿ."

ಅವರು ಹೋದರು. ತಂದೆ ಬಾಗಿಲವರೆಗೆ ಹೋಗಿ ಕೈ ಮುಗಿದು ಬಂದರು. ರಮಾಬಾಯಿ ಗೋಡೆಗೆ ಒರಗಿ ಕೂತವರು, ಮಗಳ ಕಡೆ ನೋಡದೆ ಕೇಳಿದರು.

"ಇನ್ನು ನಿನ್ನನ್ನ ನೋಡೋಕ್ಕೆ ಯಾರು ಬರ್ತಾರೆ?"

"ಗೊತ್ತಿಲ್ಲಮ್ಮ," ಎಂದಳು ಜಯಲಕ್ಷ್ಮೀ. "ಬಂದವರನ್ನ ಈ ಸಲ ನಾನೂ ನೋಡ್ತೀನಿ."