ಚಿಗರಿಯ ಹತ್ತಿರ ಪಾಲು ಕೇಳಿದವಳು

ಮೋತಿಯನ್ನು ಕೊಂದವಳು ನಾನು. ಊರಿನವರು ದೃಷ್ಟಿ ತಾಗಿತು ಅಂದರು, ಯಾರೋ ವಿಷ ಹಾಕಿರಬೇಕು ಅಂದರು. ಎಲ್ಲ ಸುಳ್ಳು. ನಾನೇ ಕೊಂದೆ, ಅದೂ ಪ್ರೀತಿಯಿಂದ.

ಸಾಲಹಳ್ಳಿಯಲ್ಲಿ ನಮ್ಮದು ಒಂದೇ ಅಂಗಳ, ಎರಡು ಒಲೆ. ಒಂದು ನನ್ನದು, ಇನ್ನೊಂದು ನನ್ನ ಗಂಡನ ಅಣ್ಣನ ಹೆಂಡತಿ ಪದ್ಮವ್ವನದು. ಮೋತಿ ಅವಳ ನಾಯಿ, ಕುರಿಹಟ್ಟಿ ಕಾಯುತ್ತಿತ್ತು. ಮರಿ ಹಾಕಿ ಒಂದೂವರೆ ತಿಂಗಳಾಗಿತ್ತು. ನಾಲ್ಕರಲ್ಲಿ ಉಳಿದದ್ದು ಒಂದೇ ಹೆಣ್ಣುಮರಿ. ಅವತ್ತು ನನ್ನ ಒಲೆಯ ಮೇಲೆ ಕೋಳಿ ಸಾರು. ಪಾಪ, ಬಾಣಂತಿ, ಗಟ್ಟಿ ಎಲುಬು ಹೇಗೆ ಅಗಿದೀತು ಎಂದು ತಟ್ಟೆಯಲ್ಲಿ ಉಳಿದ ಎಲುಬುಗಳನ್ನು ಮತ್ತೆ ಕುಕ್ಕರಿಗೆ ಹಾಕಿ, ಇನ್ನೆರಡು ಸೀಟಿ ಹೊಡೆಸಿ, ಆರಿಸಿ ಇಟ್ಟೆ. ಮೂರನೇ ದಿನ ಮೋತಿ ಸತ್ತಿತು.

ಮೋತಿಯನ್ನು ನೋಡಿದ ರಾಮದುರ್ಗದ ದನದ ಡಾಕ್ಟರು ಹೇಳಿದರು: "ಬೆಂದ ಎಲುಬು ಸೂಜಿ ಹಂಗ ಸೀಳತೈತ್ರಿ, ಕರಳಿಗೆ ಚುಚ್ಚೇತಿ. ಎಲುಬು ಕೊಡೂದ ಇದ್ರ ಹಸೀದ ಕೊಡ್ರಿ, ಮುಂದ ಕುಂತು ಕೊಡ್ರಿ."

ಪದ್ಮವ್ವ ನನಗೆ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ, ಸುಮ್ಮನೆ ಕೇಳಿಸಿಕೊಳ್ಳುವ ಹೆಂಗಸಲ್ಲ ನಾನು. ಅವಳು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇದನ್ನ ಮಾತ್ರ ಸಾಯಾಕ ಬಿಡೂದಿಲ್ಲ" ಅಂದಳು. ಜಿಂಕೆಯ ಹಾಗೆ ಉದ್ದ ಕಾಲಿನ ಆ ಮರಿಗೆ ಚಿಗರಿ ಎಂದು ಹೆಸರಿಟ್ಟಳು.

ಮತ್ತೆ ಎರಡು ಸಲ ಬಸ್ಸು ಹತ್ತಿ ಹೋಗಿ ಡಾಕ್ಟರನ್ನು ಕಾಡಿಸಿ ಕೇಳಿ ಬಂದಳು. ಅಕ್ಷರ ಬಾರದವಳು, ಎಲ್ಲ ಬಾಯಿಪಾಠ. ಮೂರು ತಿಂಗಳು ತುಂಬುವವರೆಗೆ ಮರಿಗೆ ಮೆತ್ತನೆಯ ಊಟವೇ. ಆಮೇಲೆ ಕೋಳಿಯ ಕುತ್ತಿಗೆ, ಅದೂ ಅವತ್ತೇ ಬೆಳಿಗ್ಗೆ ಅವಳ ಕಣ್ಣೆದುರು ಕಡಿದದ್ದು. ಅಂಗಡಿಯವನು ನಿನ್ನೆಯದನ್ನು ಕೊಡಲು ಬಂದರೆ ಅವನ ಜನ್ಮ ಜಾಲಾಡುತ್ತಿದ್ದಳು. ಎಲುಬಿಗೆ ಮಾಂಸ ಹತ್ತಿಕೊಂಡಿರಬೇಕು, ಒಂದೇ ಸಲ ನುಂಗುವಷ್ಟು ಸಣ್ಣದಿರಬಾರದು. ಮರಿ ಬೆಳೆದಂತೆ ಆಡಿನ ಪಕ್ಕೆಲುಬು ಬಂತು. ಹಲ್ಲು ಮುರಿಯುವಂಥ ತೊಡೆಯ ಎಲುಬು ಬೇಡವೇ ಬೇಡ. ಹಿತ್ತಿಲಲ್ಲಿ ಒಂದು ಗೋಣಿಚೀಲ, ಅದರ ಮೇಲೆ ಚಿಗರಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಪದ್ಮವ್ವ. ತಿಂದಾದ ಮೇಲೆ ಗೋಣಿಗೆ ಕುದಿಯುವ ನೀರು, ಕೈಗೆ ಸೋಪು. ನನ್ನ ಮಕ್ಕಳನ್ನು ಹತ್ತಿರ ಸುಳಿಯಗೊಡುತ್ತಿರಲಿಲ್ಲ.

ಅವಳ ಗಂಡ ಶಟ್ಟೆಪ್ಪ ಸಿಡಿಮಿಡಿಗೊಂಡ. "ಹಸೀ ಮಾಂಸದ ರುಚಿ ಹತ್ತಿದ ನಾಯಿ ನಾಳಿ ಕುರಿಮರಿ ಹಿಡೀತೈತಿ. ಕುದಿಸಿ ಹಾಕು."

"ಕುದಿಸಿದ್ದು ಇದರವ್ವ ತಿಂತಲ್ಲ, ಸಾಕಾತು. ಇದು ಕುರಿ ಮುಟ್ಟಿದ ದಿನ, ಇದನ್ನ ಕರಕೊಂಡು ನಾನ ಈ ಮನಿ ಬಿಡತೇನಿ."

ಚಿಗರಿ ಕುರಿಗಳ ನಡುವೆಯೇ ಬೆಳೆಯಿತು. ಚಳಿಗೆ ಕುರಿಮರಿಗಳು ಅದರ ಹೊಟ್ಟೆಗೆ ಒತ್ತಿ ಮಲಗುತ್ತಿದ್ದವು.

ನನಗೆ ನಗು ತರಿಸುತ್ತಿದ್ದದ್ದು ಬೇರೆ. ಎಲುಬು ಸಣ್ಣದಾದಾಗ ಕಸಿದುಕೊಳ್ಳಬಾರದು, ಕಸಿದರೆ ನಾಯಿ ಗಬಕ್ಕನೆ ನುಂಗುತ್ತದೆ, ಬೇರೇನಾದರೂ ಕೊಟ್ಟು ಇಸಿದುಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ. ಪದ್ಮವ್ವ ಒಂದು ಕೈಯಲ್ಲಿ ಮೊಟ್ಟೆಯ ಚೂರು ಹಿಡಿದು, ಇನ್ನೊಂದನ್ನು ಚಾಚಿ, "ನನ್ನ ಪಾಲು ಕೊಡವ್ವಾ" ಅನ್ನುವಳು. ಚಿಗರಿ ಎಲುಬನ್ನು ಅಂಗೈಯಲ್ಲಿಟ್ಟು ಮೊಟ್ಟೆ ತಿನ್ನುವುದು. ದಿನಾ ಇದೇ ನಾಟಕ.

"ಅತ್ತೀಮನಿ ಹೊಲದಾಗ ಪಾಲು ಕೇಳಲಿಲ್ಲ, ನಾಯಿ ಬಾಯಾಗ ಪಾಲು ಕೇಳಾಕ ಹತ್ತೀಯಲ್ಲಕ್ಕಾ!" ಎಂದು ಓಣಿಗೆಲ್ಲ ಕೇಳುವ ಹಾಗೆ ಚಾಷ್ಟಿ ಮಾಡಿದ್ದೆ.

ಅವಳು ನಗಲಿಲ್ಲ. "ನೀನೂ ಕಲತಕೋ ರೇಣು. ನಾ ಮನ್ಯಾಗ ಇಲ್ಲದಾಗ ಬೇಕಾಗತೈತಿ."

"ಅಯ್ಯ, ಆ ಜೊಲ್ಲು ಯಾಕಬೇಕ ನನಗ!" ಅಂದಿದ್ದೆ.

ಈ ಸಲ ಯುಗಾದಿಯ ಮರುದಿನ, ಕರಿ ದಿನದ ಬಾಡೂಟಕ್ಕೆ, ನೇಸರಗಿಯಿಂದ ನನ್ನ ತವರಿನವರು ಬಂದಿದ್ದರು. ಪದ್ಮವ್ವ, ಶಟ್ಟೆಪ್ಪ ಹೊಲದಲ್ಲಿದ್ದರು. ಅಂಗಳದಲ್ಲಿ ಪಂಕ್ತಿ ಕುಳಿತಿತ್ತು. ನನ್ನ ಅಣ್ಣ ಅಂದಾನೆಪ್ಪ ಕೋಳಿಯ ಕಾಲು ಕಚ್ಚಿ, "ತಗೋಳವ್ವಾ, ನೀನೂ ಹಬ್ಬಾ ಮಾಡು" ಎಂದು ಎಲುಬನ್ನು ಚಿಗರಿಗೆ ಎಸೆದ. ನಾನು ಅಯ್ಯೋ ಅನ್ನುವಷ್ಟರಲ್ಲಿ ಅದು ಕಚ್ಚಿಕೊಂಡು ಚಕ್ಕಡಿಯ ಕೆಳಗೆ ಹೋಯಿತು. ಕಟಕ್ ಎಂದಿತು.

ನನ್ನ ಗಾಬರಿ ಕಂಡು, ಎಲುಬು ಬಿಡಿಸಲು ಅಣ್ಣ ಬಡಿಗೆ ಎತ್ತಿದ. ಚಿಗರಿ ಗುರ್ರೆಂದು ಹಲ್ಲು ಬಿಗಿ ಮಾಡಿತು.

"ಬಡೀಬ್ಯಾಡೋ ಅಣ್ಣಾ, ನುಂಗಿಬಿಡತೈತಿ!"

ಹೊಸ ಇಳಕಲ್ಲ ಸೀರೆಯಲ್ಲೇ ಮಣ್ಣಲ್ಲಿ ಕುಳಿತೆ. ನನ್ನ ತಟ್ಟೆಯ ಎಲುಬಿಲ್ಲದ ತುಂಡನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಚಾಚಿದೆ. "ನನ್ನ ಪಾಲು ಕೊಡವ್ವಾ."

ಯಾರೋ ಕಿಸಕ್ಕನೆ ನಕ್ಕರು. ನಗಲಿ. ಚಿಗರಿ ನನ್ನನ್ನು ನೋಡಿತು, ಅಲುಗಲಿಲ್ಲ. ಎಂದೂ ಅದಕ್ಕೆ ಏನೂ ಕೊಟ್ಟ ಕೈಯಲ್ಲವಲ್ಲ ನನ್ನದು. "ಚಿಗರಿ, ನನ್ನವ್ವಾ, ನಿನ್ನ ಕಾಲು ಬೀಳತೇನಿ, ನನ್ನ ಪಾಲು ಕೊಡ." ದನಿ ಒಡೆದು ಅಳು ಬಂತು. ಅದು ಹೊಟ್ಟೆ ಎಳೆಯುತ್ತ ಬಂದು ಎಲುಬನ್ನು ನನ್ನ ಅಂಗೈಯಲ್ಲಿಟ್ಟಿತು. ಒಂದು ತುದಿ ಸೀಳಿ ಬೇರೆಯಾಗಿತ್ತು, ಆದರೆ ಎರಡೂ ಚೂರು ಸಿಕ್ಕವು, ಏನೂ ಒಳಗೆ ಹೋಗಿರಲಿಲ್ಲ. ಮುಷ್ಟಿ ಕಟ್ಟಿದೆ. ಚುಚ್ಚಿ ರಕ್ತ ಬಂತು.

ಸಂಜೆ ಪದ್ಮವ್ವ ಬರುವವರೆಗೆ ಆ ಎಲುಬನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ ಇದ್ದೆ. ಅವಳೆದುರು ಬಿಚ್ಚಿ ತೋರಿಸಿದೆ.

"ಅಕ್ಕಾ, ಮೋತೀನ್ನ ನಾನ ಕೊಂದೆ." ವರ್ಷದಿಂದ ಬಾಯಿಗೆ ಬಾರದ ಮಾತು ಅದು.

ಪದ್ಮವ್ವ ಎಲುಬು ನೋಡಿದಳು, ನನ್ನ ಅಂಗೈ ನೋಡಿದಳು. "ಗೊತ್ತೈತಿ. ಹೋಗು, ಸೋಪು ಹಚ್ಚಿ ಕೈ ತೊಳಕೋ."

ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಗೋಣಿಚೀಲ ಹಾಸಿ, ಪಕ್ಕೆಲುಬನ್ನು ನನ್ನ ಕೈಗೆ ಕೊಟ್ಟು, ತಾನು ಕುರಿ ಹೊಡೆದುಕೊಂಡು ಹೋದಳು. ತಿರುಗಿ ಕೂಡ ನೋಡಲಿಲ್ಲ.