ನಯೀಮ್ ತಿರುಗಿ ಬೆಸೆಯದ ಎರಡು ತಂತಿ

ಮಾನ್ವಿಯ ನಯೀಮ್ ಕಚೇರಿಗಳಲ್ಲಿ ಸರದಿಯ ಸಂಖ್ಯೆ ತೋರಿಸುವ ಟೋಕನ್ ಫಲಕಗಳನ್ನು ದುರಸ್ತಿ ಮಾಡುವವನು. ಒಂದು ತಂತಿ ಬೆಸೆದರೆ ಮೂರು ಸಲ ಪರೀಕ್ಷಿಸುತ್ತಾನೆ. ಹೀಗಾಗಿ ಕೆಲಸ ನಿಧಾನ. ಮಾತು ಇನ್ನೂ ನಿಧಾನ. ಅಲ್ಲಿಯ ಕಚೇರಿಯೊಂದರ ಫಲಕ ನಾಲ್ಕು ತಿಂಗಳಿಂದ ತಪ್ಪು ಸಂಖ್ಯೆ ತೋರಿಸುತ್ತಿತ್ತು. ಅದನ್ನು ಸರಿಮಾಡಿ ಮೇಲ್ವಿಚಾರಕ ಜಯಸಿಂಹರ ಸಹಿ ತಂದರೆ ದೇವದುರ್ಗದ ಫಲಕಗಳ ಕೆಲಸವೂ ಅವನಿಗೇ ಎಂದು ರಾಯಚೂರಿನ ಜಿಲ್ಲಾ ಕಚೇರಿಯವರು ಹೇಳಿದ್ದರು.

ನಯೀಮ್ ಪೆಟ್ಟಿಗೆ ಬಿಚ್ಚಿದ. ಒಳಗೆ ಪ್ರೊಸೆಸರ್‌ನಿಂದ ಡಿಸ್‌ಪ್ಲೇ ಚಿಪ್‌ಗೆ ಎಂಟು ತಂತಿಗಳು. ಸಂಖ್ಯೆಯ ಒಂದೊಂದು ಅಂಕಿಯೂ ಚಿಪ್‌ಗೆ ತಲುಪುವುದು ಇವುಗಳಿಂದಲೇ. ಮೊದಲ ತಂತಿಯಲ್ಲಿ ವಿದ್ಯುತ್ ಹರಿದರೆ ಚಿಪ್ ಒಂದನ್ನು ಕೂಡಿಸುತ್ತದೆ, ಮುಂದಿನದರಲ್ಲಿ ಹರಿದರೆ ಎರಡನ್ನು. ಈ ಎರಡು ತಂತಿಗಳನ್ನು ಯಾರೋ ಅದಲುಬದಲಾಗಿ ಬೆಸೆದಿದ್ದರು. ಅದಕ್ಕೇ ಒಂದು ಎರಡಾಗಿತ್ತು, ಐದು ಆರಾಗಿತ್ತು, ಒಂಬತ್ತು ಹತ್ತಾಗಿ, ಹತ್ತಕ್ಕೆ ಒಂಟಿ ಅಂಕಿಯಿಲ್ಲದೆ ಬರೀ ಗೆರೆಯಾಗಿತ್ತು. ನಯೀಮ್ ಬಿಡಿಸಿ ಸರಿಯಾಗಿ ಬೆಸೆದ. ಮೂರು ಸಲ ನೋಡಿದ.

ಆದರೆ ಈ ನಾಲ್ಕು ತಿಂಗಳು ಕಚೇರಿಯೇನೂ ಸುಮ್ಮನೆ ಕೂತಿರಲಿಲ್ಲ. ಫಲಕದ ಕೆಳಗೆ ದುಂಡು ಮೊಹರಿನ ಆದೇಶ ಅಂಟಿತ್ತು: ‘ಒಂದು ಕಂಡರೆ ಎರಡೆಂದೂ, ಎರಡು ಕಂಡರೆ ಒಂದೆಂದೂ, ಐದು ಕಂಡರೆ ಆರೆಂದೂ, ಆರು ಕಂಡರೆ ಐದೆಂದೂ, ಗೆರೆ ಕಂಡರೆ ಒಂಬತ್ತೆಂದೂ ತಿಳಿಯತಕ್ಕದ್ದು.’ ಹಾಗೆ ತಿಳಿದು ಕೂಗಲು ಜವಾನ ಆದೆಪ್ಪನನ್ನು ನಿಲ್ಲಿಸಿದ್ದರು.

ಫಲಕದಲ್ಲಿ ಹನ್ನೆರಡು ಬೆಳಗಿತು.

“ಇಪ್ಪತ್ತೊಂದು ಬರ್ರಿ!” ಎಂದು ಆದೆಪ್ಪ ಕೂಗಿದ.

ಕುರ್ಡಿಯಿಂದ ಬಂದಿದ್ದ ಮುದುಕಿ ಬಡೇಬೀ ಚೀಟಿ ಹಿಡಿದು ಎದ್ದಳು. “ನಂದು ಹನ್ನೆರಡು. ಅಲ್ಲೂ ಹನ್ನೆರಡೇ ಅದಲ್ಲೋ ಯಪ್ಪಾ.”

“ಅಲ್ಲಿ ಹನ್ನೆರಡು ಕಂಡ್ರ ಹನ್ನೆರಡಲ್ಲಬೇ. ಆದೇಶ ಓದಾಕ ಬರಂಗಿಲ್ಲೇನು?”

“ನನಗ ಓದಾಕ ಬರಂಗಿಲ್ಲ, ನಿನಗ ಎಣಿಸಾಕ ಬರಂಗಿಲ್ಲ.”

ಸಾಲಿನಲ್ಲಿದ್ದವರು ನಕ್ಕರು. ಗದ್ದಲ ಕೇಳಿ ಜಯಸಿಂಹರು ಹೊರಬಂದರು.

“ಸರ್, ಬೋರ್ಡ್ ಈಗ ಖರೇನ ತೋರ್ಸಾಕತ್ತದ್ರೀ. ಆ ಕಾಗದ ತೆಗೆದ್ರ ಸಾಕು,” ಎಂದ ನಯೀಮ್.

“ಕಾಗದ ತೆಗಿಯಾಕ ಮ್ಯಾಲಿಂದ ಇನ್ನೊಂದು ಆದೇಶ ಬರಬೇಕು. ತಂತಿ ಬದಲ್ಸಾಕ ಯಾವ ಆದೇಶಾನೂ ಬೇಕಿಲ್ಲ. ಮೊದಲಿನಂಗ ಹಚ್ಚು, ಈಗಿಂದೀಗ ಸಹಿ ಮಾಡ್ತೀನಿ.”

ಬೆಸುಗೆ ಕಡ್ಡಿ ಇನ್ನೂ ಬಿಸಿಯಾಗಿತ್ತು. ಎರಡು ನಿಮಿಷದ ಕೆಲಸ. ನಯೀಮ್ ಕಡ್ಡಿ ಕೈಗೆತ್ತಿಕೊಂಡ. ಬಡೇಬೀ ಚೀಟಿಯನ್ನೂ ಫಲಕವನ್ನೂ ನೋಡುತ್ತ ಕೌಂಟರಿನ ಕಿಟಕಿಯ ಮುಂದೆಯೇ ನಿಂತಿದ್ದಳು. ಅವನು ಕಡ್ಡಿಯ ಪ್ಲಗ್ ಕಿತ್ತ.

“ಗೊತ್ತಿದ್ದೂ ತಪ್ಪು ಹಚ್ಚಾಕ ಆಗಂಗಿಲ್ರೀ ಸರ್.”

ಜಯಸಿಂಹರು ಸಹಿ ಮಾಡಲಿಲ್ಲ. ವರದಿಯಲ್ಲಿ ಬರೆದರು: ‘ದುರಸ್ತಿಯ ನಂತರ ಫಲಕವು ಆದೇಶದಂತೆ ಕೆಲಸ ಮಾಡುತ್ತಿಲ್ಲ.’ ನಯೀಮ್ ಅದನ್ನು ನಿಧಾನವಾಗಿ ಓದಿದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲವಾದ್ದರಿಂದ ತಕರಾರು ಮಾಡದೆ ಹೊರಟ. ದೇವದುರ್ಗಕ್ಕೆ ಅವನನ್ನು ಯಾರೂ ಕರೆಯಲಿಲ್ಲ.